ಜಾನ್ ಫ್ರಾಂಕನ್‌ಹೈಮರ್: ಟಿವಿಗೆ ಮರಳಿದ್ದು ಹಿನ್ನಡೆಯೇ?

ಪ್ರಶ್ನೆ:
ಅಮೆರಿಕದ ನಿರ್ದೇಶಕ ಜಾನ್ ಫ್ರಾಂಕನ್‌ಹೈಮರ್ ಅವರ ಚಿತ್ರಗಳನ್ನು ಅವು ಬಂದ ಕ್ರಮದಲ್ಲಿಯೇ ನೋಡುತ್ತಿದ್ದೇನೆ. ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ ಮತ್ತು ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ ಎರಡನ್ನೂ 1962ರಲ್ಲಿಯೇ ತೆರೆಗೆ ತಂದ ಈ ನಿರ್ದೇಶಕರು 1990ರ ದಶಕದಲ್ಲಿ ಕೇಬಲ್ ವಾಹಿನಿಗಳಿಗಾಗಿ ಚಿತ್ರಗಳನ್ನು ಮಾಡಿದರು. ಇದನ್ನು ಅವರ ಇಳಿಗಾಲವೆಂದು ಪರಿಗಣಿಸಬೇಕೇ?

ಉತ್ತರ 1:
ಖಂಡಿತ ಇಲ್ಲ. ಅವರ ಕಸುಬು ರೂಪುಗೊಂಡದ್ದೇ 1950ರ ದಶಕದ ನೇರಪ್ರಸಾರದ ಟಿವಿ ನಾಟಕಗಳಲ್ಲಿ. ಸಿಬಿಎಸ್ ವಾಹಿನಿಯ ‘ಪ್ಲೇಹೌಸ್ 90’ ಸರಣಿಗಾಗಿ ಅವರು ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಮುಂತಾದ ನಾಟಕಗಳನ್ನು ನಿರ್ದೇಶಿಸಿದರು. ನೇರಪ್ರಸಾರದಲ್ಲಿ ಮರುಚಿತ್ರೀಕರಣಕ್ಕೆ ಅವಕಾಶವಿಲ್ಲ. ಯಾವ ಕ್ಯಾಮೆರಾ ಎಲ್ಲಿರಬೇಕು, ನಟರು ಯಾವ ಕ್ಷಣದಲ್ಲಿ ಎಲ್ಲಿಗೆ ಸರಿಯಬೇಕು ಎಂಬುದೆಲ್ಲ ತಾಲೀಮಿನಲ್ಲಿಯೇ ನಿಶ್ಚಯವಾಗಿರಬೇಕು. ‘ಮಂಚೂರಿಯನ್ ಕ್ಯಾಂಡಿಡೇಟ್’ನಲ್ಲಿ ಮಹಿಳಾ ಸಂಘವೊಂದರ ತೋಟಗಾರಿಕೆ ಉಪನ್ಯಾಸವನ್ನು ತೋರಿಸುತ್ತ ಕ್ಯಾಮೆರಾ ಪೂರ್ತಿ ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ, ಅದೇ ಸಭೆ ಸೈನಿಕರ ಮನಸ್ಸನ್ನು ತಿರುಚಿದ ಶತ್ರು ಅಧಿಕಾರಿಗಳ ಪ್ರದರ್ಶನವಾಗಿ ಬದಲಾಗಿರುತ್ತದೆ. ಸ್ಟುಡಿಯೋ ನೆಲದ ಅಳತೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ಪಳಗಿದವರಿಗೆ ಮಾತ್ರ ಇಂತಹ ದೃಶ್ಯ ಹೊಳೆಯುತ್ತದೆ ಎಂದು ನನ್ನ ಬಲವಾದ ನಂಬಿಕೆ.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಟಿವಿಯ ಖಾತೆಗೆ ಜಮಾ ಮಾಡುವುದು ಸರಿಯಲ್ಲ. 1966ರ ‘ಗ್ರಾಂಡ್ ಪ್ರೀ’ ಚಿತ್ರವನ್ನು ಗಮನಿಸಿ. ಓಡುವ ಕಾರುಗಳಿಗೇ ಕ್ಯಾಮೆರಾಗಳನ್ನು ಜೋಡಿಸಿ, ವಿಶಾಲ ಪರದೆಯನ್ನು ಹಲವು ಭಾಗಗಳಾಗಿ ಒಡೆದು ತೋರಿಸಿದ ಆ ಚಿತ್ರಕ್ಕೆ ಸಂಕಲನ, ಧ್ವನಿ ಮತ್ತು ಧ್ವನಿಪರಿಣಾಮಕ್ಕಾಗಿ ಮೂರು ಆಸ್ಕರ್ ಪ್ರಶಸ್ತಿಗಳು ಸಂದವು. ಅದೇ ವರ್ಷದ ‘ಸೆಕೆಂಡ್ಸ್’ನಲ್ಲಿ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋವ್ ಅವರು ಅತಿ ಅಗಲದ ಮಸೂರಗಳಿಂದ ಮುಖಗಳನ್ನೇ ವಿಕಾರಗೊಳಿಸಿದರು. ಅಂದಿನ ಟಿವಿಯ ಪುಟ್ಟ ಪರದೆಗೆ ಇವೆರಡೂ ಒಗ್ಗುವಂಥವಲ್ಲ.

ಪ್ರಶ್ನೆ ಕೇಳಿದವರು:
ಹಾಗಿದ್ದರೆ 1960ರ ದಶಕದ ಈ ಚಿತ್ರಗಳಿಗೂ ಟಿವಿಗೆ ಮರಳಿದ್ದಕ್ಕೂ ನಡುವಿನ ವರ್ಷಗಳ ಕುಸಿತಕ್ಕೆ ಕಾರಣವೇನು? ಮರಳಿ ಟಿವಿಗೆ ಬಂದಾಗ ಅವರಿಗೆ ದಕ್ಕಿದ್ದೇನು?

ಉತ್ತರ 3:
ಅವರು ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಸೆನೆಟರ್ ರಾಬರ್ಟ್ ಕೆನಡಿಯವರ ಆಪ್ತರಾಗಿದ್ದರು. 1968ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಆಂಬಾಸಡರ್ ಹೋಟೆಲಿನಲ್ಲಿ ಕೆನಡಿಯವರಿಗೆ ಗುಂಡೇಟು ಬಿದ್ದಾಗ, ಅಲ್ಲಿಗೆ ಅವರನ್ನು ಕಾರಿನಲ್ಲಿ ಕರೆತಂದಿದ್ದವರು ಇವರೇ. ಆ ಆಘಾತವನ್ನೂ ಮುಂದೆ ಅಂಟಿಕೊಂಡ ಕುಡಿತವನ್ನೂ ಬದಿಗಿಟ್ಟು ಆ ವರ್ಷಗಳನ್ನು ಅಳೆಯುವುದು ಅನ್ಯಾಯವಾಗುತ್ತದೆ.

ಇನ್ನು ಟಿವಿಯ ವಿಚಾರ. ಅವರಿಗೆ ಸದಾ ಪ್ರಿಯವಾಗಿದ್ದ ರಾಜಕೀಯ ವಸ್ತು ಅಲ್ಲಿ ಅವರ ಕೈಗೆ ಮತ್ತೆ ಸಿಕ್ಕಿತು: ‘ಅಗೇನ್‌ಸ್ಟ್ ದ ವಾಲ್’ನಲ್ಲಿ ಆಟಿಕಾ ಸೆರೆಮನೆಯ 1971ರ ದಂಗೆ, ‘ದ ಬರ್ನಿಂಗ್ ಸೀಸನ್’ನಲ್ಲಿ ಕಾಡಿನ ಉಳಿವಿಗಾಗಿ ಹೋರಾಡಿದ ಬ್ರೆಜಿಲ್‌ನ ರಬ್ಬರ್ ಕಾರ್ಮಿಕ ಚಿಕೊ ಮೆಂಡಿಸ್, ‘ಆಂಡರ್ಸನ್‌ವಿಲ್’ನಲ್ಲಿ ಅಮೆರಿಕದ ಅಂತರ್ಯುದ್ಧ ಕಾಲದ ಸೆರೆಶಿಬಿರ, ‘ಜಾರ್ಜ್ ವ್ಯಾಲೇಸ್’ನಲ್ಲಿ ವರ್ಣಭೇದವನ್ನು ಬೆಂಬಲಿಸಿದ ಅಲಬಾಮಾದ ಗವರ್ನರ್. ಈ ನಾಲ್ಕಕ್ಕೂ ನಿರ್ದೇಶನದ ಎಮಿ (ಅಮೆರಿಕದ ಟಿವಿ ಕೃತಿಗಳಿಗೆ ಕೊಡುವ) ಪ್ರಶಸ್ತಿ ಅವರಿಗೆ ದೊರೆಯಿತು. ಇದಾದ ಬಳಿಕ 1998ರಲ್ಲಿ ‘ರೋನಿನ್’ ಮಾಡಿ, ಪ್ಯಾರಿಸ್ಸಿನ ಬೀದಿಗಳಲ್ಲಿ ನಿಜವಾದ ಕಾರುಗಳನ್ನು ನಿಜವಾದ ವೇಗದಲ್ಲಿಯೇ ಓಡಿಸಿದರು. ಕಡೆಯ ಕೃತಿ ‘ಪಾತ್ ಟು ವಾರ್’ ಮತ್ತೆ ಟಿವಿಗಾಗಿಯೇ. ವಿಯೆಟ್ನಾಂ ಯುದ್ಧದೊಳಕ್ಕೆ ಹೆಜ್ಜೆಹೆಜ್ಜೆಯಾಗಿ ಸಿಲುಕುವ ಅಧ್ಯಕ್ಷ ಜಾನ್ಸನ್ನರ ಕಥೆಯದು; ಬಹುಪಾಲು ಕೋಣೆಯೊಳಗಿನ ಮಾತುಕತೆಯಲ್ಲಿಯೇ ಸಾಗುವುದರಿಂದ ‘ಪ್ಲೇಹೌಸ್ 90’ರ ಪಳಗಿಕೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೀವು ‘ಜಾರ್ಜ್ ವ್ಯಾಲೇಸ್’ ಮುಗಿಸಿದ ಕೂಡಲೇ ಅದನ್ನು ನೋಡಿ.