ಸಹಾಯ ಬೇಕು: ಗಾಬರಿಯಾದಾಗಲೆಲ್ಲ ಭೇದಿ, 5 ಕೆಜಿ ಪೊಮೇರಿಯನ್

ಹೆಣ್ಣು, 6 ವರ್ಷ. ಗುಡುಗು, ಮನೆ ತುಂಬ ನೆಂಟರು, ಹೊಸ ಜಾಗ, ಇಷ್ಟಾದರೆ ಸಾಕು, ಮಾರನೇ ದಿನ ಹೊಟ್ಟೆ ಕೆಟ್ಟಿರುತ್ತದೆ. ಪದೇ ಪದೇ ಕೂತು ಮುಕ್ಕುತ್ತಾಳೆ, ಬರುವುದು ಸ್ವಲ್ಪವೇ. ಲೋಳೆ ಇರುತ್ತದೆ, ಒಮ್ಮೊಮ್ಮೆ ತಾಜಾ ರಕ್ತದ ಗೆರೆ. ಅಂದರೆ ತೊಂದರೆ ದೊಡ್ಡ ಕರುಳಿನದು; ಸಣ್ಣ ಕರುಳಿನದಾಗಿದ್ದರೆ ಒಂದೊಂದು ಸಲಕ್ಕೂ ಬಹಳ ಹೋಗಿ ತೂಕವೂ ಇಳಿಯುತ್ತಿತ್ತು. ಮಲ ಪರೀಕ್ಷೆಯಲ್ಲಿ ಹುಳು, ಜಿಯಾರ್ಡಿಯಾ (ಭೇದಿ ತರುವ ಸೂಕ್ಷ್ಮ ಪರಾವಲಂಬಿ ಜೀವಿ) ಇಲ್ಲ.

ಉಪವಾಸ ಹಾಕುವುದಿಲ್ಲ, ಇಷ್ಟು ಚಿಕ್ಕ ನಾಯಿಗೆ ರಕ್ತದ ಸಕ್ಕರೆ ಬೇಗ ಕುಸಿಯಬಹುದು. ಚರ್ಮ, ಕೊಬ್ಬು ತೆಗೆದು ಬೇಯಿಸಿದ ಕೋಳಿ 1 ಪಾಲು, ಮೆತ್ತಗಿನ ಅನ್ನ 2 ಪಾಲು, ದಿನಕ್ಕೆ 4–5 ಸಲ ಸ್ವಲ್ಪಸ್ವಲ್ಪ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ. ಮಲ ಗಟ್ಟಿಯಾದ ಮೇಲೆ 5–7 ದಿನಗಳಲ್ಲಿ ಹಳೇ ಆಹಾರ ಬೆರೆಸುತ್ತಾ ಹೋಗುವುದು. ಅವಸರ ಮಾಡಿದರೆ ಮತ್ತೆ ಮೊದಲಿನಿಂದ!

ಕೇಳಬೇಕಿದ್ದುದು ಎರಡು. ಬೇಯಿಸಿದ ಸಿಹಿಗುಂಬಳ 1 ಟೀ ಚಮಚ ಕೊಡುತ್ತಿದ್ದೇವೆ. ಅದರ ಬದಲು ಇಸಬ್ಗೋಲ್ ಕಾಲು ಟೀ ಚಮಚದಿಂದ, ಚೆನ್ನಾಗಿ ನೀರಲ್ಲಿ ನೆನೆಸಿ, ಶುರು ಮಾಡುವ ಯೋಚನೆಯಿದೆ. ಇದೇ ತೂಕದ ನಾಯಿಗೆ ಕೊಟ್ಟವರು ಎಷ್ಟರಲ್ಲಿ ನಿಲ್ಲಿಸಿದಿರಿ? ಎರಡನೆಯದು, ಪ್ರಯಾಣ ಮೊದಲೇ ಗೊತ್ತಿದ್ದಾಗ ನಾಯಿಗಳ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದಾದ ಬ್ಯಾಕ್ಟೀರಿಯಾ) ಎಷ್ಟು ದಿನ ಮುಂಚೆ ಶುರು ಮಾಡುತ್ತೀರಿ?

ಮನುಷ್ಯರ ಭೇದಿ ಮಾತ್ರೆ ಮಾತ್ರ ಹೇಳಬೇಡಿ, ಲೊಪೆರಮೈಡ್ ಕೆಲವು ನಾಯಿಗಳಿಗೆ ವಿಷವಾಗುತ್ತದೆ. ವಾಂತಿ, ಸುಸ್ತು, ಜಾಮ್‌ನಂತೆ ರಕ್ತ ಕಂಡರೆ ಇಲ್ಲಿ ಕೇಳುತ್ತ ಕೂರದೆ ನೇರ ಪಶುವೈದ್ಯರ ಹತ್ತಿರ ಹೋಗುತ್ತೇವೆ.