ಅಪ್‌ಡೇಟ್: ಹೆರಿಗೆಯ ನಂತರ ನಿಂತಿದ್ದ ಹೊಲಿಗೆ ಮತ್ತೆ ಕೈಗೆ ಬಂತು

ಎರಡು ವಾರದ ಹಿಂದೆ ಶಿರಸಿಯಿಂದ ಕೇಳಿದವಳು ನಾನೇ. ಕೂಸಿಗೆ ಏಳು ತಿಂಗಳು, ಹಳೆಯ ರವಿಕೆ ಒಂದೂ ಮೈಗೆ ಆಗುತ್ತಿಲ್ಲ, ಹೊಲಿಗೆ ಯಂತ್ರದ ಸದ್ದಿಗೆ ಮಗು ಎದ್ದುಬಿಡುತ್ತದೆ, ನಾನು ಹೊಲಿಯುತ್ತಿದ್ದವಳು ಎಂಬುದೇ ಮರೆಯುತ್ತಿದೆ, ಏನು ಮಾಡಲಿ ಎಂದಿದ್ದೆ.

ಬಗಲಿನ ಹೊಲಿಗೆ ಬಿಚ್ಚಿ ಎಂದವರೇ ಹೆಚ್ಚು. ಬಿಚ್ಚಿದೆ. ಅರ್ಧ ಇಂಚು ಸಿಕ್ಕಿತು, ಸಾಲಲಿಲ್ಲ. ರೇಷ್ಮೆಯ ಮೇಲೆ ಹಳೆಯ ಸೂಜಿಯ ತೂತುಗಳು ಸಾಲಾಗಿ ಉಳಿದವು. ಸದ್ಯಕ್ಕೆ ನೈಟಿಯಲ್ಲೇ ಇರಿ ಎಂಬ ಸಲಹೆಗೆ ಮನಸ್ಸು ಒಪ್ಪಲಿಲ್ಲ.

ಫಲ ಕೊಟ್ಟದ್ದು ಯಲ್ಲಾಪುರದ ಅಕ್ಕನ ಮಾತು: ಯಂತ್ರ ಬಿಡು, ನಮ್ಮ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರಂತೆ ಕೈಯಲ್ಲೇ ಕೌದಿ, ಅಂದರೆ ಹಳೆ ಬಟ್ಟೆಯ ತುಂಡುಗಳ ಹೊದಿಕೆ, ಹೊಲಿ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಬಟ್ಟೆ ಮಡಿಚಿ ಹೂವು ಕೂರಿಸುತ್ತಾರೆ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದೂ ನನಗೆ ತಿಳಿದಿರಲಿಲ್ಲ! ಹತ್ತು ನಿಮಿಷ ಸಿಕ್ಕರೆ ಹತ್ತು ನಿಮಿಷದ ಹೊಲಿಗೆ. ಕೂಸು ಅತ್ತರೆ ಸೂಜಿಯನ್ನು ಮೇಲಿನ ಗೂಡಿಗೆ ಸೇರಿಸಿ ಎದ್ದರಾಯಿತು.

ಕೈ ಪಳಗಿದ ಮೇಲೆ ಹಸಿರು ರವಿಕೆಯ ಎರಡೂ ಬಗಲಿಗೆ ಅಮ್ಮನ ಹರಿದ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಎರಡು ಬೆರಳಗಲದ ಪಟ್ಟಿ ಕೊಟ್ಟೆ. ಮುಂದೆ ಹುಕ್ ಇರುವುದರಿಂದ ಹಾಲೂಡಿಸಲೂ ಸರಿ. ಮೊನ್ನೆ ಮದುವೆಮನೆಯಲ್ಲಿ ಚಿಕ್ಕಮ್ಮ ಆ ಪಟ್ಟಿ ಮುಟ್ಟಿ ನೋಡಿ, "ಯಾರು ಹೊಲಿದದ್ದು?" ಎಂದು ಕೇಳಿದರು. ವರ್ಷದ ನಂತರ "ನಾನೇ" ಎಂದೆ. ಗಂಟಲು ಕಟ್ಟಿತು.

ಕೌದಿಯ ನಡುವೆ ಇನ್ನು ಒಂದು ಗೇಣು ಉಳಿದಿದೆ.