ಕ್ಲಾಸಿನ ಮಕ್ಕಳ ಕೈಲಿ ಬ್ಲಾಗ್ ಬರೆಸ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ದುರ್ಗದ ಕನ್ನಡ ಮೇಡಂ:

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ನಮ್ಮಲ್ಲಿ ಗೋಡೆ ಪತ್ರಿಕೆ ಅಂತ ಒಂದು ನಡೆಸ್ಕೊಂಡು ಬಂದಿದೀವಿ, ತಿಂಗಳಿಗೊಂದು ಡ್ರಾಯಿಂಗ್ ಶೀಟು, ಮಕ್ಕಳು ಬರೆದಿದ್ದನ್ನ ಅಂಟಿಸಿ ಎಚ್ಚೆಮ್ಮು (ಹೆಡ್ಮಾಸ್ಟರ್) ರೂಮಿನ ಹೊರಗಡೆ ನೇತು ಹಾಕ್ತೀವಿ. ಮೊದಲನೇ ದಿನ ಮುಗಿಬಿದ್ದು ಓದ್ತಾರೆ, ಎರಡನೇ ದಿನಕ್ಕೆ ಯಾರೂ ತಿರುಗಿ ನೋಡಲ್ಲ, ತಿಂಗಳಾದ ಮೇಲೆ ಸುತ್ತಿ ಬೀರು ಮೇಲೆ. ಹೋದ ವಾರ ಆ ಸುರುಳಿಗಳನ್ನ ಇಳಿಸಿ ನೋಡಿದ್ರೆ ಅರ್ಧಕ್ಕರ್ಧ ಗೆದ್ದಲು ಹಿಡಿದಿತ್ತು, ಹೊಟ್ಟೆ ಉರಿದುಹೋಯ್ತು.

ಉಳಿದಿದ್ದ ಒಂದು ಹಾಳೇಲಿ ಒಂಬತ್ತನೇ ಕ್ಲಾಸಿನ ಹುಡುಗಿ ಚಂದ್ರವಳ್ಳಿ ಪ್ರವಾಸದ ಬಗ್ಗೆ ಬರೆದಿದ್ಲು. ನಾನು ಮಯೂರಶರ್ಮನ ಶಾಸನದ ಬಗ್ಗೆ ಬರೀತಾರೆ, ಕೆರೆ ಕಟ್ಟಿಸಿದ್ದು ಬರೀತಾರೆ ಅಂತ ಕಾಯ್ತಿದ್ದೆ. ಇವಳು ಅಂಕಲಿ ಮಠದ ಗುಹೆ ಒಳಗಿನ ಕತ್ತಲು ಬರೆದಿದ್ಲು. "ಟಾರ್ಚು ಆಫ್ ಮಾಡಿದಾಗ ಕಣ್ಣು ಮುಚ್ಚಿದ್ರೂ ಒಂದೇ ಬಿಟ್ರೂ ಒಂದೇ, ನನ್ನ ಕೈ ನನ್ನದೇನಾ ಅಂತ ಮುಟ್ಟಿ ನೋಡ್ಕೊಂಡೆ" ಅಂತ. ಆ ಹುಡುಗಿ ಈಗ ಪಿಯುಸಿ, ಅವಳಿಗೆ ಅದು ನೆನಪೂ ಇರಲಿಕ್ಕಿಲ್ಲ.

ಹಂಗಾಗಿ ಬ್ಲಾಗ್ ಮಾಡೋಣ ಅಂತ. ಬ್ಲಾಗರ್ ಒಳ್ಳೇದಾ ವರ್ಡ್‌ಪ್ರೆಸ್ಸಾ ಗೊತ್ತಿಲ್ಲ. ಲ್ಯಾಬಲ್ಲಿ ಆರು ಕಂಪ್ಯೂಟರ್ ಇದಾವೆ, ನಾಲ್ಕು ಆನ್ ಆಗ್ತವೆ, ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು. ಮಕ್ಕಳ ಹತ್ರ ಫೋನಿಲ್ಲ, ಅಪ್ಪಂದಿರದ್ದು ಸಂಜೆ ಸಿಗುತ್ತೆ. ಮನೇಲಿ ನಾನೇ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದನ್ನ ಕಾಪಿ ಮಾಡಿ ಹಾಕಿ ನೋಡಿದೆ, ಫೋನಲ್ಲಿ ನೋಡಿದ್ರೆ ಬರೀ ಪೌಂಡ್ ಗುರುತು (£), ಕೊಂಬು ಕೊಂಬಿನ ಇಂಗ್ಲಿಷ್ ಅಕ್ಷರ. ಸ್ಟಾಫ್ ರೂಮಲ್ಲಿ ಒಬ್ರು "ಮೊದ್ಲು ಸಿಲಬಸ್ ಮುಗಿಸ್ರಿ ಮೇಡಂ" ಅಂದ್ರು. ಯಾರಾದ್ರೂ ಮಾಡಿ ನೋಡಿದೋರು ಇದ್ರೆ ಹೇಳಿ.

ಲ್ಯಾಬ್ ಸರ್ ದಾವಣಗೆರೆ:

ಮೇಡಂ ಆ ಪೌಂಡ್ ಗುರುತಿಗೆ ಹೆದರಬೇಡ್ರಿ, ಅದು ಎಲ್ಲಾ ಕನ್ನಡ ಮೇಷ್ಟ್ರಿಗೂ ಒಂದ್ಸಲ ಆಗೋ ಜಡ್ಡು 😀 ಹಳೇ ನುಡಿ ಫಾಂಟಲ್ಲಿ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಾನೇ, ಮೇಲೆ ಕನ್ನಡದ ವೇಷ ಹಾಕಿರ್ತಾರೆ ಅಷ್ಟೇ, ಆ ಫಾಂಟ್ ಇಲ್ಲದ ಕಡೆ ವೇಷ ಬಿದ್ದೋಗ್ತೈತೆ. "ನ" ಅನ್ನೋ ಅಕ್ಷರ ಪೌಂಡ್ ಗುರುತಿನ ಜಾಗದಾಗೆ ಕೂತೈತೆ ಅದಕ್ಕೆ ನಿಮಗೆ ಅಷ್ಟೊಂದು ಪೌಂಡು ಕಂಡಿದ್ದು. ಯೂನಿಕೋಡಲ್ಲಿ ಟೈಪ್ ಮಾಡ್ರಿ, ಅದು ಯಾವ ಫೋನು ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣ್ತೈತೆ, ಹೊಸ ನುಡೀಲೇ ಯೂನಿಕೋಡ್ ಐತೆ, ಕೀಲಿಮಣೆ ಅದೇ. ಹಳೇ ಫೈಲಿದ್ರೆ ಕನ್ವರ್ಟರಿಗೆ ಹಾಕಿ ತೆಗೀರಿ ಆದ್ರೆ ಆಮೇಲೆ ಒತ್ತಕ್ಷರ, ಅರ್ಕಾವೊತ್ತು ಒಂದ್ಸಲ ಕಣ್ಣಾಡಿಸ್ರಿ. ಫೋನಲ್ಲಾದ್ರೆ ಗೂಗಲ್ ಕೀಬೋರ್ಡು, ಜಿಬೋರ್ಡು ಸಾಕು, ಬಾಯಲ್ಲಿ ಹೇಳಿದ್ರೂ ಬರ್ಕೊಳ್ತೈತೆ, ಫುಲ್‌ಸ್ಟಾಪ್ ಮಾತ್ರ ನೀವೇ ಇಡ್ಬೇಕು.

ಬ್ಲಾಗರ್ ಹಾಕ್ಕೊಳ್ರಿ. ವರ್ಡ್‌ಪ್ರೆಸ್ ಡಾಟ್ ಕಾಮ್ ಫ್ರೀದ್ರಲ್ಲಿ ಅವರ ಜಾಹೀರಾತು ಬಂದು ಕೂರ್ತಾವೆ, ಮಕ್ಕಳ ಪುಟದಾಗೆ ಯಾವುದು ಬರ್ತೈತೋ ನಮ್ಮ ಕೈಯಲ್ಲಿಲ್ಲ. ನಿಮ್ಮ ಸ್ವಂತ ಜಿಮೇಲಲ್ಲಿ ಮಾತ್ರ ಮಾಡ್ಬೇಡ್ರಿ, ಶಾಲೆಗೇ ಅಂತ ಒಂದು ಹೊಸದು ಮಾಡಿ ಪಾಸ್‌ವರ್ಡು ಎಚ್ಚೆಮ್ಮು ಹತ್ರಾನೂ ಇರ್ಲಿ. ನಮ್ಮಲ್ಲಿ ಮುಂಚೆ ಇದ್ದ ಒಬ್ರು ತಮ್ಮ ಮೇಲಲ್ಲಿ ಮಾಡಿದ್ರು, ಟ್ರಾನ್ಸ್‌ಫರ್ ಆದ್ರು, ಬ್ಲಾಗೂ ಅವರ ಜೊತೆ ಟ್ರಾನ್ಸ್‌ಫರ್ ಆಯ್ತು.

ಇನ್ನೊಂದು ಯಾರೂ ಹೇಳಲ್ಲ ಇದನ್ನ. ತಲೆಬರಹ ಕನ್ನಡದಾಗೆ ಹಾಕಿ ಪಬ್ಲಿಷ್ ಒತ್ತಿದ್ರೆ ಬ್ಲಾಗರಿಗೆ ಕನ್ನಡ ಅಕ್ಷರದಿಂದ ವಿಳಾಸ ಮಾಡೋಕೆ ಬರಲ್ಲ, ಬ್ಲಾಗ್-ಪೋಸ್ಟ್, ಆಮೇಲೆ ಬ್ಲಾಗ್-ಪೋಸ್ಟ್ ಅಂಡರ್‌ಸ್ಕೋರ್ 12 ಅಂತ ಏನೋ ಒಂದು ನಂಬರ್ ಕೊಟ್ಟುಬಿಡ್ತೈತೆ. ಪಬ್ಲಿಷ್ ಮಾಡೋ ಮುಂಚೆ ಬಲಗಡೆ ಪರ್ಮಲಿಂಕ್ ಅಂತ ಇರ್ತೈತಲ್ಲ ಅಲ್ಲಿ ಕಸ್ಟಮ್ ಆರಿಸಿ ಇಂಗ್ಲಿಷಲ್ಲಿ ಚಂದ್ರವಳ್ಳಿ ಅಂತ ಕೊಡ್ರಿ. ಪಬ್ಲಿಷ್ ಆದ್ಮೇಲೆ ಬದಲಾಯಿಸ್ಬೇಕು ಅಂದ್ರೆ ಮತ್ತೆ ಡ್ರಾಫ್ಟಿಗೆ ಇಳಿಸ್ಬೇಕು, ಅಷ್ಟೊತ್ತಿಗೆ ವಾಟ್ಸಾಪಲ್ಲಿ ಕಳಿಸಿದ ಹಳೇ ಲಿಂಕ್ ಹಾಳು.

ಕಾಮೆಂಟ್ ಬಂದ ತಕ್ಷಣ ಕಾಣಿಸದಂಗೆ, ನೀವು ಓದಿ ಒಪ್ಪಿದ ಮೇಲೇ ಕಾಣೋ ಹಂಗೆ ಸೆಟ್ಟಿಂಗ್ಸಲ್ಲಿ ಮಾಡ್ಕೊಳ್ರಿ. ಇದು ಮರೀಬೇಡ್ರಿ.

ಹಿರಿಯೂರು ಸೈನ್ಸ್ ಮೇಷ್ಟ್ರು:

ನಾನು ಮಾಡಿ ಸೋತೋನು, ಅದನ್ನೇ ಹೇಳ್ತೀನಿ. ಬ್ಲಾಗ್ ಅಂತ ಶುರು ಮಾಡಿ ಮೊದಲನೇ ವರ್ಷ ನೋಟ್ಸ್ ಹಾಕ್ದೆ, ಪ್ರಶ್ನೆಪತ್ರಿಕೆ ಹಾಕ್ದೆ, ಸರ್ಕ್ಯುಲರ್ ಹಾಕ್ದೆ, ಓದಿದ್ದು ಬೇರೆ ಶಾಲೆ ಮೇಷ್ಟ್ರುಗಳು, ಪ್ರಿಂಟ್ ತಗೊಂಡ್ರು ಹೋದ್ರು. ಆಮೇಲೆ ಮಕ್ಕಳಿಗೆ ಬರೀರಿ ಅಂದೆ, "ನನ್ನ ಶಾಲೆ" "ಪರಿಸರ ಮಾಲಿನ್ಯ" ಅಂತ ಪ್ರಬಂಧ ಬಂದವು, ಎಲ್ಲಾದ್ರಲ್ಲೂ ಪೀಠಿಕೆ ವಿಷಯ ನಿರೂಪಣೆ ಉಪಸಂಹಾರ. ಓದೋಕಾಗಲ್ಲ ರೀ.

ಒಬ್ಬ ಹುಡುಗ ವಾಣಿ ವಿಲಾಸ ಸಾಗರದ ಬಗ್ಗೆ ತಂದಿದ್ದ, 1907ರಲ್ಲಿ ಕಟ್ಟಿ ಮುಗಿಸಿದ್ದು, ವೇದಾವತಿ ನದಿ, 130 ಅಡಿ, 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ 2022ರಲ್ಲೇ ಅಂತ, ಎಲ್ಲಾ ಸರಿ, ಎಲ್ಲಾ ನೆಟ್ಟಿಂದ ಎತ್ತಿದ್ದು, ಒಂದು ಅಕ್ಷರ ಅವನದಲ್ಲ. ಬೈಲಿಲ್ಲ. ಲೇ, 2022ರಲ್ಲಿ ಕೋಡಿ ಬಿದ್ದಾಗ ನಿಮ್ಮ ಮನೆಯೋರು ಏನು ಮಾಡಿದ್ರು ಅದನ್ನ ಕೇಳ್ಕೊಂಡು ಬಾ ಅಂದೆ. ಮಾರನೇ ದಿನ ಅರ್ಧ ಪುಟ ಬರ್ಕೊಂಡು ಬಂದ. ಟ್ರ್ಯಾಕ್ಟರಲ್ಲಿ ಊರಿನೋರೆಲ್ಲ ಹೋಗಿದ್ದು, ಅವರಜ್ಜಿ ಆ ನೀರನ್ನ ಚೊಂಬಲ್ಲಿ ತುಂಬ್ಕೊಂಡು ಅದರ ಬಾಯಿಗೆ ಸೆರಗು ಮುಚ್ಚಿ ದಾರಿ ಪೂರ್ತಿ ತೊಡೆ ಮೇಲೆ ಇಟ್ಕೊಂಡು ಬಂದಿದ್ದು, ಮೂರು ದಿನ ದೇವರ ಮುಂದೆ ಇಟ್ಟು ಆಮೇಲೆ ತೆಂಗಿನ ಸಸಿಗೆ ಹಾಕಿದ್ದು. "ನಮ್ಮಜ್ಜಿ ಅವರಮ್ಮನಿಗೆ ತೋರಿಸ್ಬೇಕಿತ್ತು ಅಂತ ಅಳ್ತು" ಅಂತ ಕೊನೇಲಿ. ಆ 1933 ಅನ್ನೋ ಇಸವಿ ಹುಡುಗನಿಗೆ ಅರ್ಥ ಆಗಿದ್ದು ಆವಾಗ.

ಹಂಗಾಗಿ ವಿಷಯ ಕೊಡ್ಬೇಡಿ, ಪ್ರಶ್ನೆ ಕೊಡಿ. ಇವತ್ತು ನಿಮ್ಮ ಹೊಲದಲ್ಲಿ ಏನು ಕೆಲಸ, ಕೂಲಿ ಎಷ್ಟು ಕೊಟ್ರು, ಬೋರ್‌ವೆಲ್ ಎಷ್ಟು ಅಡಿ ಕೊರೆಸಿದ್ರು, ಯಾವ ಕಲ್ಲು ಸಿಕ್ತು. ಉತ್ತರ ನೆಟ್ಟಲ್ಲಿ ಸಿಗಬಾರದು, ಮನೇಲೇ ಸಿಗಬೇಕು. ಮತ್ತೆ ಮೊದಲು ನೀವು ಬರೀರಿ ಮೇಡಂ. ನಾವು ಒಂದು ಸಾಲು ಬರೀದೆ ಮಕ್ಕಳಿಗೆ ಬರೀ ಅಂದ್ರೆ ಅವರಿಗೆ ಗೊತ್ತಾಗುತ್ತೆ.

ದುರ್ಗದ ಕನ್ನಡ ಮೇಡಂ:

ಸರ್ ಆ ಚೊಂಬಿನ ಕಥೆ ನಾಳೆ ಕ್ಲಾಸಲ್ಲಿ ಓದಿ ಹೇಳ್ತೀನಿ, ಬೇಜಾರಿಲ್ಲ ತಾನೇ. ಒಂದು ಡೌಟು, "ಅಜ್ಜಿ ಅಳ್ತು" ಅಂತ ಬರೆದಿದ್ದನ್ನ ಹಂಗೇ ಹಾಕಿದ್ರಾ? ನಾನಾದ್ರೆ ಕೆಂಪು ಪೆನ್ನಲ್ಲಿ "ಅತ್ತರು" ಅಂತ ತಿದ್ದಿರ್ತಿದ್ದೆ. ಇನ್ನೊಂದು, ಹೆಸರು ಫೋಟೋ ಹಾಕ್ಬೋದಾ, ಮಕ್ಕಳಿಗೆ ಅದೇ ಖುಷಿ.

ಮಂಡಕ್ಕಿ ಮಿರ್ಚಿ:

ನಾನು ಮೇಷ್ಟ್ರಲ್ಲ, ಮಕ್ಕಳ ತಂದೆ. ಮನೆ ದಾವಣಗೆರೇಲಿ ಮಂಡಕ್ಕಿ ಭಟ್ಟಿ ಕಡೆ. "ಅಜ್ಜಿ ಅಳ್ತು" ಅನ್ನೋದನ್ನ ತಿದ್ದಬೇಡ್ರೀ ಮೇಡಂ, "ಅಜ್ಜಿ ಅತ್ತರು" ಅಂದ್ರೆ ಅದು ನಮ್ಮಜ್ಜಿ ಅಲ್ಲ, ಪಕ್ಕದ ಬೀದಿ ಅಜ್ಜಿ ಆಗೋಗ್ತಾಳೆ. ನಾವು ಹೆತ್ತ ತಾಯಿಗೂ "ಅಮ್ಮ ಬಂತು" ಅಂತೀವಿ, ಅದು ಅಗೌರವ ಅಲ್ಲ ಸಲುಗೆ.

ನನ್ನ ಮಗಳು ಎಂಟನೇ ಕ್ಲಾಸಲ್ಲಿದ್ದಾಗ ಅವರ ಮೇಡಂ ಇಂಥದ್ದೇ ಒಂದು ಮಾಡಿಸಿದ್ರು. ಭಟ್ಟಿ ಬಗ್ಗೆ ಬರೆದಿದ್ಲು, ಮರಳು ಕೆಂಪಗೆ ಕಾದಿಲ್ಲ ಅಂದ್ರೆ ಅಕ್ಕಿ ಅರಳಲ್ಲ, ಅಪ್ಪ ಮನೆಗೆ ಬಂದ್ರೆ ಮೂಗಿನ ಒಳಗೂ ಮಸಿ, ಅಮ್ಮ ಬಚ್ಚಲಿಗೆ ಹೋಗೋತನಕ ಮಾತಾಡ್ಸಲ್ಲ ಅಂತ. ನನಗೆ ಓದಿ ಸ್ವಲ್ಪ ನಾಚ್ಕೆ ಆಯ್ತು ನಿಜ ಹೇಳ್ತೀನಿ. ನಾಲ್ಕು ದಿನ ಬಿಟ್ಟು ಯಾರೋ ಬೆಂಗಳೂರಲ್ಲಿರೋರು, ಅವರೂ ಇದೇ ಏರಿಯಾದಲ್ಲಿ ಬೆಳೆದೋರಂತೆ, ಕೆಳಗಡೆ ಬರೆದಿದ್ರು, ಉಪ್ಪು ನೀರು ಹಾಕಿ ಅಕ್ಕಿ ಕಲಸೋದು ಬಿಟ್ಟೆಯಲ್ಲಮ್ಮ ಅಂತ. ನಮ್ಮ ಹುಡುಗಿ ಆವತ್ತು ರಾತ್ರಿ ನನ್ನ ಹಿಡ್ಕೊಂಡು ಕೂರಿಸಿ ಎಷ್ಟು ಉಪ್ಪು ಯಾಕೆ ಉಪ್ಪು ಅಂತ ಕೇಳಿದ್ದೇ ಕೇಳಿದ್ದು, ಅಲ್ಲೀತನಕ ಅಪ್ಪನ ಕೆಲಸ ಏನು ಅಂತ ಒಂದಿನ ಕೇಳಿದವಳಲ್ಲ. ಆಮೇಲೆ ಮೂರು ಬರೆದ್ಲು. ಮೇಡಂ ಟ್ರಾನ್ಸ್‌ಫರ್ ಆದ್ರು, ನಿಂತೋಯ್ತು.

ಹಿರಿಯೂರು ಸೈನ್ಸ್ ಮೇಷ್ಟ್ರು:

ಹಂಗೇ ಹಾಕಿದ್ದು ಮೇಡಂ, ಆದ್ರೂ ಮಂಡಕ್ಕಿಯೋರೇ ನಿಮ್ಮ ಮಾತು ಅರ್ಧ ಒಪ್ತೀನಿ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋರು ಸಲುಗೆ ಗಿಲುಗೆ ನೋಡಲ್ಲ, ನಂಬರ್ ಕಟ್. ಎರಡೂ ಕನ್ನಡ ಬರಬೇಕು, ಎಲ್ಲಿ ಯಾವುದು ಅಂತ ಹುಡುಗರಿಗೆ ಗೊತ್ತಿರಬೇಕು. ಕಾಗುಣಿತ ತಿದ್ದಿ, ಅದನ್ನೂ ನೀವು ತಿದ್ದಬೇಡಿ, ಪಕ್ಕದಲ್ಲಿ ಕೂರಿಸ್ಕೊಂಡು ಅವರ ಕೈಲೇ ತಿದ್ದಿಸಿ. ಅಕಾರ ಹಕಾರಕ್ಕೆ ಮಾತ್ರ ನನಗೆ ಕರುಣೆ ಇಲ್ಲ.

ಲ್ಯಾಬ್ ಸರ್ ದಾವಣಗೆರೆ:

ಹೆಸರು ಫೋಟೋ ವಿಷಯಕ್ಕೆ ಬರ್ತೀನಿ. ಪೂರ್ತಿ ಹೆಸರು, ಊರು, ಮುಖ ಮೂರೂ ಒಟ್ಟಿಗೆ ಬೇಡ. ಹೆಸರಿನ ಮೊದಲ ಅಕ್ಷರ ಮತ್ತೆ ಕ್ಲಾಸು ಸಾಕು, ಇಲ್ಲಾ ಮಕ್ಕಳೇ ಒಂದು ಕಾವ್ಯನಾಮ ಇಟ್ಕೊಳ್ಳಲಿ, ಅದೇ ಒಂದು ದಿನದ ಮಜಾ ಆಗ್ತೈತೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅಂತ 2023ರಲ್ಲಿ ಬಂತಲ್ಲ, ಅದರಲ್ಲಿ 18 ತುಂಬದೋರೆಲ್ಲ ಮಕ್ಕಳೇ, ತಂದೆ ತಾಯಿ ಒಪ್ಪಿಗೆ ಬೇಕು. ಕಾನೂನು ಪಕ್ಕಕ್ಕಿಡ್ರಿ, ಒಂದು ಹಾಳೇಲಿ "ನಮ್ಮ ಮಗು ಬರೆದಿದ್ದನ್ನ ಹಾಕಬಹುದು" ಅಂತ ಸಹಿನೋ ಹೆಬ್ಬೆಟ್ಟೋ ತಗೊಂಡು ಫೈಲ್ ಮಾಡಿದ್ರೆ ನಾಳೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ನಿಮ್ಮ ತಲೆ ಮೇಲೆ ಬರಲ್ಲ. ಮುಖದ ಬದಲು ಅವರು ಬರೆದ ಹಾಳೆ, ಬಿಡಿಸಿದ ಚಿತ್ರ, ಹೊಲದ ಫೋಟೋ ಹಾಕ್ರಿ. ಗೂಗಲ್ಲಿಂದ ಎತ್ತಿದ ಫೋಟೋ ಬೇಡ.

ಮಕ್ಕಳಿಗೆ ಬೇರೆ ಬೇರೆ ಅಕೌಂಟ್ ಮಾಡೋಕೆ ಹೋಗ್ಬೇಡ್ರಿ, ನಮ್ಮ ದೇಶದಾಗೆ ಗೂಗಲ್ ಅಕೌಂಟ್ ತಾವೇ ನೋಡ್ಕೊಳ್ಳೋಕೆ 13 ತುಂಬಿರ್ಬೇಕು, ಎಂಟನೇ ಕ್ಲಾಸಲ್ಲಿ ಕೆಲವರಿಗೆ ತುಂಬಿರಲ್ಲ. ಶಾಲೆ ಅಕೌಂಟ್ ಒಂದೇ, ಪಬ್ಲಿಷ್ ಬಟನ್ ನಿಮ್ಮ ಕೈಯಾಗೆ. ಕರೆದೋರು ಮಾತ್ರ ಓದೋ ಹಂಗೂ ಮಾಡ್ಬೋದು ಆದ್ರೆ ಓದೋರಿಗೆಲ್ಲ ಲಾಗಿನ್ ಬೇಕು, ಹಳ್ಳೀಲಿ ಅದು ಆಗದ ಮಾತು. ಸರ್ಚ್ ಎಂಜಿನ್‌ಗೆ ಕಾಣಿಸೋಕೆ ಅಂತ ಒಂದು ಸೆಟ್ಟಿಂಗ್ ಐತೆ, ಅದನ್ನ ಆಫ್ ಮಾಡಿ ಲಿಂಕ್ ಮಾತ್ರ ಪೋಷಕರ ಗ್ರೂಪಿಗೆ ಹಾಕ್ರಿ, ಆರು ತಿಂಗಳು ಹಂಗೆ ನಡೀಲಿ.

ನಾಲ್ಕು ಕಂಪ್ಯೂಟರ್ ಇದ್ರೆ ನಾಲ್ಕು ಗುಂಪು ಮಾಡ್ರಿ, ಒಬ್ಬ ಹೇಳೋನು ಒಬ್ಬ ಟೈಪ್ ಮಾಡೋನು ಒಬ್ಬ ತಪ್ಪು ನೋಡೋನು. ಮೊದ್ಲು ಪೇಪರಲ್ಲಿ ಬರೀಲಿ, ಕರೆಂಟ್ ಹೋದ್ರೆ ಪೇಪರ್ ಎಲ್ಲೂ ಹೋಗಲ್ಲ. ನಿಮ್ಮ ಸಿಲಬಸ್ ಸರ್‌ಗೆ ಹೇಳ್ರಿ, ಇದನ್ನೇ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ತೋರಿಸ್ಬೋದು, ರೆಕಾರ್ಡಿಗೆ ಮತ್ತೆ ಬೇರೆ ಬರೆಸೋ ಕೆಲ್ಸ ಇಲ್ಲ ಅಂತ. ತಕ್ಷಣ ಅವರೂ ಬರ್ತಾರೆ ನೋಡ್ರಿ.

ಓದುಗ 77:

ಬ್ಲಾಗರ್ ಗೂಗಲ್‌ದಲ್ವಾ, ಅದನ್ನ ಒಂದಿನ ಮುಚ್ಚಿದ್ರೆ? ಗೂಗಲ್ ಪ್ಲಸ್ಸಲ್ಲಿ ನಮ್ಮದೆಲ್ಲ 2019ರಲ್ಲಿ ಹೋಯ್ತು.

ಲ್ಯಾಬ್ ಸರ್ ದಾವಣಗೆರೆ:

ಬ್ಲಾಗರ್ 1999ರಿಂದ ಐತೆ, 2003ರಲ್ಲಿ ಗೂಗಲ್ ತಗೊಂತು, ಇನ್ನೂ ಉಸಿರಾಡ್ತೈತೆ. ಆದ್ರೂ ನಿಮ್ಮ ಭಯ ಸರೀನೇ. ಸೆಟ್ಟಿಂಗ್ಸಲ್ಲಿ ಬ್ಯಾಕಪ್ ಅಂತ ಐತೆ, ಅಲ್ಲಿಂದ ಬರಹ, ಕಾಮೆಂಟು ಎಲ್ಲಾ ಇಳಿಸ್ಕೊಳ್ಬೋದು, ಪರೀಕ್ಷೆ ರಜಕ್ಕೊಂದ್ಸಲ ಪೆನ್‌ಡ್ರೈವಿಗೆ ಹಾಕಿಟ್ಕೊಳ್ರಿ. ಪೆನ್‌ಡ್ರೈವಿಗೆ ಗೆದ್ದಲು ಹಿಡಿಯಲ್ಲ ಮೇಡಂ.

ದುರ್ಗದ ಕನ್ನಡ ಮೇಡಂ:

ಹದಿನೈದು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಮೊದಲನೇದು ನಾನೇ ಬರೆದೆ, ಗೆದ್ದಲು ತಿಂದ ಗೋಡೆ ಪತ್ರಿಕೆ ಬಗ್ಗೆ. ಬರೀ ಎರಡು ಪ್ಯಾರಾ ಬರೆಯೋಕೆ ಭಾನುವಾರ ಪೂರ್ತಿ ಹಿಡೀತು, ಮಕ್ಕಳಿಗೆ ನಲವತ್ತು ನಿಮಿಷದಲ್ಲಿ ಬರೀರಿ ಅಂತೀವಲ್ಲ ಅನ್ಸಿ ಕಸಿವಿಸಿ ಆಯ್ತು. ಆಮೇಲೆ ಚಂದ್ರವಳ್ಳಿ ಹುಡುಗಿ ಮನೆ ಹುಡುಕ್ಕೊಂಡು ಹೋಗಿ ಕೇಳಿದೆ, ಅವಳು "ಅದು ನಾನೇ ಬರೆದಿದ್ದಾ ಮಿಸ್" ಅಂದ್ಲು. ಅವರಮ್ಮ ಸಹಿ ಹಾಕಿದ್ರು, ಅವಳ ಕಾವ್ಯನಾಮ "ಟಾರ್ಚು".

ಎರಡು ಕಾಮೆಂಟ್ ಬಂದಿದಾವೆ, ಒಂದು ನಮ್ಮ ಎಚ್ಚೆಮ್ಮುದು, ಶುಭವಾಗಲಿ ಅಂತ. ಇನ್ನೊಂದು ಸಿಲಬಸ್ ಸರ್‌ದು, ಅಂಕಲಿ ಮಠದೊಳಗೆ ಅವರೂ ಚಿಕ್ಕವರಿದ್ದಾಗ ಹೆದರ್ಕೊಂಡಿದ್ರಂತೆ.

ಲ್ಯಾಬ್ ಸರ್ ಬೈಬೇಡಿ, ನೀವು ಅಷ್ಟು ಹೇಳಿದ್ರೂ ಖುಷೀಲಿ ಕನ್ನಡದಲ್ಲೇ ತಲೆಬರಹ ಹಾಕಿ ಪಬ್ಲಿಷ್ ಒತ್ತಿಬಿಟ್ಟೆ, ವಿಳಾಸ ಬರೀ ಬ್ಲಾಗ್-ಪೋಸ್ಟ್ ಅಂತ ಬಂದು ಕೂತಿದೆ. ಎರಡನೇದು ಹಾಕುವಾಗ ಹಿಂದಿನ ಬೆಂಚಿನ ಹುಡುಗ ನೆನಪು ಮಾಡಿದ, "ಮಿಸ್ ಪರ್ಮಲಿಂಕು".